ಸುಣ್ಣದ ಪುಡಿಯ ಮೂರು ದೋಣಿಗಳು

ಭಾನುವಾರ ಸಂಜೆ ಆರರೊಳಗೆ ಹೇಳಬೇಕಿತ್ತು. ಕಾರವಾರದಲ್ಲಿ ಹಳೇ ದೋಣಿ ಮಾರುವವನು ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದ. ಮೂರರಲ್ಲಿ ಯಾವುದು ಬೇಕು ಹೇಳಿಬಿಡಿ ಸಾರ್, ಗೋವಾದವರು ಕಾಯ್ತಿದ್ದಾರೆ ಎಂದು ಒಂದೇ ರಾಗ. ಗೋವಾದವರು ಯಾವಾಗಲೂ ಕಾಯುತ್ತಲೇ ಇರುತ್ತಾರೆ, ಹದಿನೈದು ವರ್ಷ ನೌಕಾದಳದಲ್ಲಿ ಕಳೆದು ಬಂದವನಿಗೆ ಇಷ್ಟೂ ತಿಳಿಯುವುದಿಲ್ಲವೇ. ಆದರೂ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ದೋಣಿ ಆರಿಸಲು ಬರುವುದಿಲ್ಲವೆಂದಲ್ಲ. ಯಾವ ದೋಣಿ ತಂದರೆ ನನ್ನ ಹೆಂಡತಿ ಗಂಗಾಲಕ್ಷ್ಮಿ ಅದನ್ನು ಹತ್ತುತ್ತಾಳೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಮಧುಗಿರಿಯಲ್ಲಿ ದೋಣಿ ಎಂದರೆ ಜನ ನಗುತ್ತಾರೆ. ನಗಲಿ, ಅವರ ಹಲ್ಲು ಅವರದು. ನನ್ನ ಕೆಲಸ ಇರುವುದು ರಾಯಚರ್ಲು ಹತ್ತಿರದ ಸೋಲಾರ್ ಪಾರ್ಕಿನಲ್ಲಿ, ಪ್ಯಾನೆಲ್ ತೊಳೆಸುವ ಸೂಪರ್‌ವೈಸರ್ ಆಗಿ. ದೂರದಿಂದ ನೋಡಿದರೆ ಆ ಪ್ಯಾನೆಲ್‌ಗಳು ಥೇಟ್ ಕೆರೆ. ಹತ್ತಿರ ಹೋದರೆ ಕೈ ಸುಡುವ ಗಾಜು. ದಿನಾ ಆ ಸುಳ್ಳು ನೀರನ್ನು ನೋಡಿ ನೋಡಿ ನನಗೆ ನಿಜವಾದ ನೀರಿನ ಮೇಲೆ ಹೋಗುವ ಹುಚ್ಚು ಇನ್ನೂ ಹೆಚ್ಚಾಗಿತ್ತು. ಶಿರಾ ದಾಟಿ ಹಿರಿಯೂರಿನ ಕಡೆ ಹೋದರೆ ಮಾರಿಕಣಿವೆ ಜಲಾಶಯ ಇದೆ, ಎರಡೂವರೆ ಗಂಟೆ ದಾರಿ. ಶನಿವಾರ ಹೋಗಿ, ದೂರದ ಒಂದು ದಡದಲ್ಲಿ ಟೆಂಟು ಹಾಕಿ, ಭಾನುವಾರ ಬರುವುದು. ಮದುವೆಯಾದ ಹೊಸತರಲ್ಲಿ ರಜೆಗೆ ಬಂದಾಗಲೆಲ್ಲ ಅವಳಿಗೆ ಇದನ್ನೇ ಹೇಳುತ್ತಿದ್ದೆ. ಕೆಲಸ ಬಿಟ್ಟು ಬಂದಮೇಲೆ ಹಾಯಿದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತೇನೆ ಅಂತ. ಅವಳು ಆಗ ನಗುತ್ತಿದ್ದಳು.

ಕೆಲಸ ಬಿಟ್ಟು ಬಂದು ಮೂರು ವರ್ಷವಾಯಿತು. ತಾವರೆಕೆರೆ ಕಡೆಯ ನಮ್ಮ ಹಟ್ಟಿ ಬಿಟ್ಟು ಮಧುಗಿರಿಗೆ ಬಂದೆವು, ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಳು. ಕ್ಯಾಂಪಿಂಗ್ ಎಂದು ಬಾಯಿ ತೆರೆದರೆ ಸಾಕು, ಒಂದು ಸಲ ಮಂಡಿ ನೋವು, ಇನ್ನೊಂದು ಸಲ ಮದುವೆ ಮನೆಯ ಬ್ಲೌಸು, ಮತ್ತೊಂದು ಸಲ ಮಗಳು ಯಶೋದಳ ಪರೀಕ್ಷೆ. ಏಳನೇ ಕ್ಲಾಸಿನ ಹುಡುಗಿಗೆ ವರ್ಷಪೂರ್ತಿ ಪರೀಕ್ಷೆಯೇ. ನನಗೆ ತಲೆ ಕೆಟ್ಟುಹೋಗಿತ್ತು. ಕೊನೆಗೆ ನಾನೇ ಒಂದು ತೀರ್ಮಾನಕ್ಕೆ ಬಂದೆ: ಇವಳಿಗೆ ದೋಣಿಯ ಭಯ, ಸರಿಯಾದ ದೋಣಿ ಸಿಕ್ಕರೆ ಬಂದೇ ಬರುತ್ತಾಳೆ.

ಹಾಗಾಗಿ ನೀರಿನಲ್ಲಿ ಕೂರುವ ಒಡಲು ಒಂದೇ ಇರುವ ದೋಣಿಯನ್ನು ಮೊದಲೇ ಕೈಬಿಟ್ಟೆ. ಗಾಳಿ ಬೀಸಿದರೆ ಅದು ಪಕ್ಕಕ್ಕೆ ವಾಲುತ್ತದೆ, ಇವಳು ಅಲ್ಲೇ ದೇವರ ಹೆಸರು ಹೇಳಿ ಇಳಿದುಬಿಡುತ್ತಾಳೆ. ಎರಡು ಅಥವಾ ಮೂರು ಒಡಲಿನದು ಅಗಲವಾಗಿ ಕೂರುತ್ತದೆ, ವಾಲುವುದು ಕಡಿಮೆ, ಗಾಳಿ ಸಿಕ್ಕರೆ ಓಟ ಕೀಳುತ್ತದೆ, ಮೊಳಕಾಲು ನೀರಿದ್ದರೂ ದಡಕ್ಕೆ ಎಳೆದುಕೊಳ್ಳಬಹುದು. ಕಾರವಾರದವನ ಹತ್ತಿರ ಅಂಥವು ಮೂರು ಇದ್ದವು. ಮೊದಲನೆಯದು ಹದಿನಾರು ಅಡಿ, ಎರಡು ಒಡಲು, ನಡುವೆ ಬಿಗಿದ ಬಲೆ, ಅಷ್ಟೇ. ಬಾಣದ ಹಾಗೆ ಹೋಗುತ್ತದೆ, ಆದರೆ ಕೂತವರು ತೋಯುತ್ತಾರೆ, ಮಲಗಬೇಕಾದರೆ ಬಲೆಯ ಮೇಲೆ ಟೆಂಟು ಕಟ್ಟಬೇಕು. ಎರಡನೆಯದು ಹತ್ತೊಂಬತ್ತು ಅಡಿ, ಮೂರು ಒಡಲು, ನಡುವಿನದರಲ್ಲಿ ಇಬ್ಬರು ಮಲಗುವಷ್ಟು ಪುಟ್ಟ ಕೋಣೆ, ಪಕ್ಕದ ಎರಡನ್ನು ಮಡಚಿ ಟ್ರೈಲರ್ ಮೇಲೆ ಎಳೆದುಕೊಂಡು ಹೋಗಬಹುದು. ಸಾಮಾನು ತುಂಬಿದರೆ ಮಾತ್ರ ಗರ್ಭಿಣಿ ಎಮ್ಮೆಯ ನಡಿಗೆ. ಮೂರನೆಯದು ಗಾಳಿ ತುಂಬುವ ರಬ್ಬರಿನದು, ಎರಡು ಚೀಲದಲ್ಲಿ ಮಡಚಿ ಕಾರಿನ ಮೇಲೆ ಕಟ್ಟಬಹುದು. ಓಟವೂ ಸುಮಾರು, ಸುಖವೂ ಸುಮಾರು.

ಮೊದಲನೆಯದಕ್ಕೆ ಒಂದು ಟೆಂಟು ಹೊಲಿದುಕೊಡು ಎಂದು ಹಿಂದಿನ ವಾರ ಕೇಳಿದ್ದೆ. ತಕರಾರಿಲ್ಲದೆ ಎರಡೇ ದಿನದಲ್ಲಿ ಹೊಲಿದಳು. "ಕೆಳಗಿನ ಬಟ್ಟೆ ನಾಕು ಬೆಟ್ಟು ಮೇಲಕ್ಕೆ ಮಡಚಿದೀನಿ. ಇಲ್ಲಾಂದ್ರೆ ಮಳೆ ನೀರು ನೆಲದ ಮೇಲಿಂದ ಒಳಕ್ ಬತ್ತದೆ" ಎಂದಳು. ನೌಕಾದಳದವರಿಗೂ ಹೊಳೆಯದ ವಿಷಯ. ಎಲ್ಲಿ ಕಲಿತೆ ಎಂದು ಕೇಳಿದರೆ, ಗೊತ್ತು ಅಂದಳು, ಅಷ್ಟೇ. ನಾನು ಒಳಗೊಳಗೇ ಹಿಗ್ಗಿದೆ. ಶನಿವಾರ ಬೆಳಗ್ಗೆ ಮತ್ತೆ ಕೇಳಿದೆ. ಮಂಡಿ ನೋವು, ನೀವೇ ಹೋಗ್ಬನ್ನಿ ಎಂದಳು.

ಅದಕ್ಕೇ ಭಾನುವಾರ ಮಧ್ಯಾಹ್ನ ಪಕ್ಕದ ಖಾಲಿ ಸೈಟಿನಲ್ಲಿ ಸುಣ್ಣದ ಪುಡಿ ಹಿಡಿದು ಟೇಪು ಇಟ್ಟು ಮೂರೂ ದೋಣಿಗಳನ್ನು ಅಳತೆಗೆ ತಕ್ಕಂತೆ ನೆಲದ ಮೇಲೆ ಬರೆದೆ. ಕಣ್ಣಿಗೆ ಕಂಡರೆ ಧೈರ್ಯ ಬರುತ್ತದೆ, ಒಳಗೆ ಮಲಗಿ ನೋಡಲಿ, ಯಾವುದು ಸಾಕಾಗುತ್ತದೆ ಅವಳೇ ಹೇಳಲಿ ಎಂದು ನನ್ನ ಲೆಕ್ಕ. ಸೈಟಿನ ಯಜಮಾನರು ನಾಗಲಿಂಗಯ್ಯನವರು, ದಿನಸಿ ಅಂಗಡಿ ಮಕ್ಕಳಿಗೆ ಬಿಟ್ಟುಕೊಟ್ಟು ಬೀದಿಯ ಎಲ್ಲ ಉಸಾಬರಿ ತಾವೇ ವಹಿಸಿಕೊಂಡವರು. ಸುಣ್ಣದ ಗೆರೆ ಕಂಡ ಕೂಡಲೇ ಬಂದರು.

"ಏನ್ರೀ ಚಿಕ್ಕರಾಜು, ನನ್ ಸೈಟಲ್ಲಿ ಪಾಯ ತೆಗೀತಿದೀರಾ?"

"ಪಾಯ ಅಲ್ಲ ಯಜಮಾನ್ರೇ, ದೋಣಿ."

ಅವರು ಸುತ್ತ ಒಂದು ಸುತ್ತು ಹಾಕಿದರು. ಈ ಮೂಲೆ ಚೂಪಾಗಿರುವುದು ವಾಸ್ತು ಪ್ರಕಾರ ಒಳ್ಳೆಯದಲ್ಲ, ಬಾಗಿಲು ಪೂರ್ವಕ್ಕೆ ಇಡಿ ಎಂದರು. ನೀರಿನ ಮೇಲೆ ಪೂರ್ವ ಎಲ್ಲಿಂದ ತರಲಿ, ಗಾಳಿ ಬೀಸಿದ ಕಡೆಗೆ ಬಾಗಿಲು ತಿರುಗುತ್ತದೆ ಎಂದೆ. ಹಾಗಾದರೆ ಇಂಥ ಮನೆಯೇ ಬೇಡ ಎಂದು ಹೇಳಿ ಹೋದರು. ನನ್ನ ಪಿತ್ತ ಆಗಲೇ ಅರ್ಧ ನೆತ್ತಿಗೇರಿತ್ತು.

ಅಷ್ಟರಲ್ಲಿ ನಮ್ಮಣ್ಣ ಹುಚ್ಚಣ್ಣ ಹಟ್ಟಿಯಿಂದ ಅವರೆಕಾಯಿ ಚೀಲ ಹೊತ್ತುಕೊಂಡು ಬಂದ. ಇನ್ನೂರು ಕುರಿ ಇಟ್ಟುಕೊಂಡವನು, ಬೇಸಿಗೆ ಬಂದರೆ ಕಂಬಳಿ ಹೆಗಲಿಗೆ ಹಾಕಿಕೊಂಡು ತಿಂಗಳುಗಟ್ಟಲೆ ಕಂಡವರ ಹೊಲದಲ್ಲಿ ಮಲಗುವವನು. ಚಪ್ಪಲಿ ಬಿಟ್ಟು ನೇರವಾಗಿ ಮೂರು ಒಡಲಿನ ದೋಣಿಯ ನಡುವೆ ಹೋಗಿ ಕಾಲು ಚಾಚಿ ಮಲಗಿದ.

"ಲೇ ಚಿಕ್ಕ, ಇದ್ರಾಗೆ ಮಗ್ಗುಲಾಗಕ್ಕೂ ಜಾಗ ಇಲ್ಲ ಕಣ್ಲಾ. ಬಯಲಾಗೆ ಮಲಗಕ್ಕೆ ಇಷ್ಟೆಲ್ಲಾ ಯಾಕೆ? ಒಂದು ಕಂಬ್ಳಿ, ಒಂದು ಪಾತ್ರೆ, ಹಿಡಿ ರಾಗಿ ಹಿಟ್ಟು."

"ಅದನ್ನ ನನಗಲ್ಲ ಕಣಣ್ಣ, ಒಳಗೆ ಕೂತವಳಿಗೆ ಹೇಳು" ಎಂದು ನಾನು ಗಂಗಾಳನ್ನು ಕೂಗಿದೆ.

ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದಳು. ಸುಣ್ಣದ ಗೆರೆಯ ಆಚೆಗೇ ನಿಂತಳು. ನಾನು ಒಂದೊಂದನ್ನೂ ತೋರಿಸಿದೆ. ಇಲ್ಲಿ ತಲೆ, ಇಲ್ಲಿ ಕಾಲು, ಇಲ್ಲಿ ಸ್ಟೌವು, ಯಶೋದಳಿಗೆ ಇಷ್ಟು ಜಾಗ. ಒಳಗೆ ಬಂದು ಮಲಗಿ ನೋಡು ಎಂದೆ. ಅಲುಗಲಿಲ್ಲ. ಹೋಗಲಿ, ಕೂತಾದರೂ ನೋಡು ಎಂದೆ. ಇಲ್ಲ. ಕೋಣೆಯಿರುವುದು ಬೇಕೋ, ಟೆಂಟಿನದು ಬೇಕೋ, ಬಾಯಿಬಿಟ್ಟು ಹೇಳು ಎಂದೆ.

"ನೀವೇ ಹೋಗ್ಬನ್ನಿ ಅಂದ್ನಲ್ಲ" ಎಂದಳು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಬೀದಿಯಲ್ಲಿ ಯಾರು ಕೇಳುತ್ತಿದ್ದಾರೆ ಎಂಬ ಪರಿವೆಯೂ ಉಳಿಯಲಿಲ್ಲ. "ಮೂರು ವರ್ಷದಿಂದ ನಿನ್ನ ಹಿಂದೆ ಕೈ ತೊಳಕೊಂಡು ಬಿದ್ದಿದೀನಿ. ಯಾರಿಗೋಸ್ಕರ ಇದೆಲ್ಲ? ನನಗೊಬ್ಬನಿಗೇ ಆಗಿದ್ರೆ ಒಂದು ಹಲಗೆ ಸಾಕಾಗಿತ್ತು. ಬಯಲಲ್ಲಿ ಮಲಗಿದ ವಂಶ ಕಣೇ ನಮ್ಮದು. ನಮ್ಮಪ್ಪ ಮಲಗಿದ, ನಮ್ಮಣ್ಣ ಈಗ್ಲೂ ಮಲಗ್ತಾನೆ. ನಿನಗೊಬ್ಬಳಿಗೆ ಏನು ಬಂದಿರೋದು?"

ಅವಳು ನನ್ನ ಕಡೆ ನೋಡಲಿಲ್ಲ. ಅಣ್ಣನ ಕಡೆ ತಿರುಗಿದಳು.

"ಭಾವ, ನಾನೆಷ್ಟು ದಿನ ಹೊರಗೆ ಮಲಗಿದೀನಿ ಅಂತ ನೀವೇ ಹೇಳಿ."

ಮಲಗಿದ್ದ ಅಣ್ಣ ಎದ್ದು ಕೂತ. ಬೆನ್ನಿಗೆ ಅಂಟಿದ್ದ ಸುಣ್ಣ ಕೊಡವಿಕೊಂಡ. "ಅದೆಲ್ಲ ಈಗ್ಯಾಕಮ್ಮ" ಎಂದು ಚಪ್ಪಲಿ ಹುಡುಕತೊಡಗಿದ.

"ತಿಂಗಳಿಗೆ ಮೂರು ದಿನ" ಎಂದಳು ಗಂಗಾ. ದನಿ ಏರಿರಲಿಲ್ಲ, ಗಿರಾಕಿಗೆ ಅಳತೆ ಹೇಳುವ ದನಿಯೇ. "ಹನ್ನೊಂದು ವರ್ಷ. ಬೇಲಿ ಆಚೆ, ಆ ಗುಡ್ಲಾಗೆ. ಮಳೆ ಬಂದ್ರೂ ಅಲ್ಲೇ, ಚಳಿ ಬಂದ್ರೂ ಅಲ್ಲೇ. ಅತ್ತೆ ಊಟ ತಂದು ದೂರದಲ್ಲಿ ಇಟ್ಟು ಹೋಗೋರು. ಯಶೋದ ಹುಟ್ಟಿದಾಗ ಒಂದು ತಿಂಗಳು. ಹಸಿ ಮೈಯಲ್ಲಿ ಮಗೀನ ಎದೆ ಮೇಲೆ ಮಲಗಿಸ್ಕೊಂಡು ಕೂತಿರ್ತಿದ್ದೆ, ನೆಲದ ಮೇಲೆ ನೀರು ಹರೀತಿತ್ತು. ಮಡಚಿದ ಬಟ್ಟೆ ಎಲ್ಲಿ ಕಲಿತೆ ಅಂದ್ರಲ್ಲ, ಅಲ್ಲಿ. ನೀವು ಗಂಡಸರು ಬಯಲಾಗೆ ಮಲಗಿದ್ದು ಕುರಿ ಕಾಯಕ್ಕೆ. ನನ್ನ ಯಾತಕ್ಕೆ ಮಲಗಿಸಿದ್ರಿ?"

ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಶುದ್ಧ ಸುಳ್ಳು. ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗಿರಬೇಕು ಎಂಬ ಕಟ್ಟಳೆಯಲ್ಲೇ ನಾನು ಬೆಳೆದದ್ದು. ನಮ್ಮವ್ವ ಜುಂಜಮ್ಮನೂ ಅದೇ ಗುಡಿಸಲಿನಲ್ಲಿ ನನ್ನನ್ನು ಇಟ್ಟುಕೊಂಡಿದ್ದವಳು. ಈಗ ಸುಮಾರು ಮನೆಯವರು ಬಿಟ್ಟಿದ್ದಾರೆ, ಆಗ ಬಿಟ್ಟಿರಲಿಲ್ಲ. ರಜೆಗೆ ಬಂದಾಗ ಮೂರು ದಿನ ಅವಳು ಮನೆಯಲ್ಲಿ ಇರುತ್ತಿರಲಿಲ್ಲ. ನಾನು ಅವ್ವ ಬಡಿಸಿದ್ದನ್ನು ಉಂಡು, ಶಿರಾಕ್ಕೆ ಹೋಗಿ ಗೆಳೆಯರ ಜೊತೆ ತಿರುಗಿ ಬರುತ್ತಿದ್ದೆ. ಬೇಲಿಯ ತನಕ ನಡೆದು ಹೋಗಿ ಹೆಂಗಿದೀಯಾ ಎಂದು ಕೇಳಿದ್ದು ನೆನಪಿಲ್ಲ. ನೆನಪಿಲ್ಲ ಎಂದರೆ ಕೇಳಿಲ್ಲ ಎಂದೇ ಅರ್ಥ. ಅಷ್ಟು ಹೊತ್ತಿನ ಸಿಟ್ಟೆಲ್ಲ ಯಾರ ಮೇಲೆ ಹಾಕಬೇಕೋ ತಿಳಿಯದೆ, ಕೈಯಲ್ಲಿದ್ದ ಸುಣ್ಣದ ಡಬ್ಬ ಹಿಡಿದು ನಿಂತೆ.

ಅಣ್ಣ ಬಸ್ಸಿಗೆ ಹೊತ್ತಾಯಿತು ಎಂದ. ಟೀ ಕುಡಿದು ಹೋಗಿ ಎಂದು ಅವಳೇ ಹೇಳಿದರೂ ನಿಲ್ಲದೆ ಹೋದ. ಐದೂವರೆಗೆ ಬಸ್ಸೇ ಇಲ್ಲ.

"ಹಂಗಾದ್ರೆ ದೋಣಿ ಬೇಡ ಬಿಡು" ಎಂದೆ.

"ದೋಣಿ ಬೇಡ ಅಂತ ನಾನ್ಯಾವಾಗಂದೆ?" ಎಂದಳು. "ನೀರಿನ ಮೇಲೆ ಹೋಗೋ ಆಸೆ ನಂಗೂ ಇದೆ. ಹೊರಗೆ ಮಲಗೋ ಆಸೆ ಇಲ್ಲ. ಟೆಂಟಾದ್ರೂ ಅಷ್ಟೆ, ನಿಮ್ಮ ಕೋಣೆ ಆದ್ರೂ ಅಷ್ಟೆ." ಮೊದಲ ಸಲ ಗೆರೆಗಳನ್ನು ಸರಿಯಾಗಿ ನೋಡಿದಳು. "ಇವುಗಳಾಗೆ ಜೋರಾಗಿ ಓಡೋದು ಯಾವುದು?"

ಹದಿನಾರು ಅಡಿಯದನ್ನು ತೋರಿಸಿದೆ. ಅದರಲ್ಲಿ ತೋಯುತ್ತೀಯ ಎಂದೂ ಹೇಳಿದೆ.

"ತೋದ್ರೆ ಒಣಗ್ತೀನಿ. ಬೆಳಕು ಹರಿಯೋ ಮುಂಚೆ ಇಲ್ಲಿಂದ ಹೊರಟ್ರೆ, ಅಷ್ಟೂ ನೀರು ಸುತ್ತಾಡಿ, ಮಲಗೋ ಹೊತ್ತಿಗೆ ನಮ್ಮನೇಲಿ ಇರಬೌದಾ?"

ಲೆಕ್ಕ ಹಾಕಿದೆ. ಗಾಳಿ ಕೈಕೊಡದಿದ್ದರೆ ಇರಬಹುದು. ಬೇರೆ ಎರಡರಲ್ಲಿ ಆಗುವುದಿಲ್ಲ. ಇದರಲ್ಲಿ ಆಗುತ್ತದೆ.

"ಇರಬಹುದು" ಎಂದೆ.

"ಹಂಗಾದ್ರೆ ಬತ್ತೀನಿ."

ಆರಕ್ಕೆ ಹತ್ತು ನಿಮಿಷವಿದ್ದಾಗ ಕಾರವಾರದವನು ನಾಲ್ಕನೇ ಸಲ ಫೋನ್ ಮಾಡಿದ. ಎರಡು ಒಡಲಿನದು ಎಂದೆ. ಒಳ್ಳೇ ಆಯ್ಕೆ ಸಾರ್, ರಾತ್ರಿ ಉಳಿಯೋಕೆ ಏನೇನು ಬೇಕು ಹೇಳಿ, ಜೊತೆಗೇ ಕಳಿಸ್ತೀನಿ ಎಂದ. ಏನೂ ಬೇಡ, ನಾವು ರಾತ್ರಿ ಉಳಿಯುವುದಿಲ್ಲ ಎಂದೆ. ಫೋನು ಜೇಬಿಗೆ ಹಾಕಿಕೊಂಡೆ. ಅವಳು ಇನ್ನೂ ಅಲ್ಲೇ ನಿಂತಿದ್ದಳು. ಹನ್ನೆರಡು ವರ್ಷ ಕೇಳದೆ ಉಳಿಸಿಕೊಂಡ ಮಾತು ಆಗ ಬಾಯಿಗೆ ಬಂತು.

"ಯಶೋದ ಹುಟ್ಟಿದಾಗ ವಿಶಾಖಪಟ್ಟಣದಿಂದ ನಿನಗೆ ಫೋನ್ ಮಾಡಿದ್ದೆನಲ್ಲ. ಆವತ್ತೇ ಯಾಕೆ ಹೇಳಲಿಲ್ಲ?"

"ಭಾವ ಮೊಬೈಲು ತಂದು ಗುಡ್ಲ ಮುಂದಿನ ಕಲ್ಲ ಮೇಲೆ ಇಟ್ಟು ಹೋಗಿದ್ರು" ಎಂದಳು. "ಮಗು ಯಾರನ್ನ ಹೋಲ್ತದೆ ಅಂತ ಕೇಳಿದ್ರಿ. ನಿಮ್ಮನ್ನೇ ಅಂದೆ. ಖುಷಿಯಾಗಿ ನಕ್ಕುಬುಟ್ರಿ. ಎಲ್ಲಿಂದ ಮಾತಾಡ್ತಿದೀಯಾ ಅಂತ ಕೇಳಿದ್ರೆ ಹೇಳ್ತಿದ್ದೆ."