ಕಾಲು ಕೊಡು, ಮಹಾರಾಣಿ

ಗೋಡೆಯ ಫ್ಯಾನು ಆ ಕಡೆ ತಿರುಗುತ್ತದೆ, ಈ ಕಡೆ ತಿರುಗುತ್ತದೆ, ನಮ್ಮತ್ತ ಬಂದಾಗ ಒಮ್ಮೆ ಟಕ್ಕೆನ್ನುತ್ತದೆ, ಎಣ್ಣೆ ಬಿಟ್ಟು ಎಷ್ಟು ಕಾಲವಾಯಿತೋ — ತಮ್ಮನ ಹೆಬ್ಬೆರಳಿಗೆ ಔಷಧಿಯ ಜೆಲ್ ತಿಕ್ಕುತ್ತಿದ್ದೇನೆ, ತಿಕ್ಕುತ್ತಲೇ ಇರಿ, ನಿಲ್ಲಿಸಬೇಡಿ ಅಂದಿದ್ದಾರೆ ಡಾಕ್ಟರಮ್ಮ, ಎರಡು ಗ್ಲೌಸ್ ತೊಟ್ಟ ನನ್ನ ಬೆರಳಿಗೆ ಅವನದು ಬೆಚ್ಚಗಿದೆಯೋ ತಣ್ಣಗಿದೆಯೋ ತಿಳಿಯದು, ತಿಳಿಯಬೇಕೆಂದೂ ಅನ್ನಿಸುತ್ತಿಲ್ಲ, ಅಳುವಾದರೂ ಬರಬೇಕಿತ್ತು, ಅದೂ ಇಲ್ಲ, ಯಾರದೋ ಮನೆಯ ಪಾತ್ರೆ ತೊಳೆಯುತ್ತಿರುವಂತಿದೆ. ನೋಯ್ತಿದ್ಯೇನೋ? ಇಲ್ಲ ಕಣೇ, ಎಷ್ಟು ಸಲ ಕೇಳ್ತೀಯ. ನೋಯದಿರುವುದೇ ಈ ಹಾಳು ಆಸಿಡ್ಡಿನ ಕೆಟ್ಟ ಬುದ್ಧಿ. ಬೇರೆಯವು ಮುಟ್ಟಿದ ಕೂಡಲೇ ಚೀರಿಸುತ್ತವೆ, ಇದು ಸದ್ದಿಲ್ಲದೆ ಚರ್ಮ ದಾಟಿ, ಮೂಳೆಯ ಹತ್ತಿರ ಹೋಗಿ ಕೂತು, ಆಮೇಲೆ ಬಾಯಿ ಬಿಡುತ್ತದೆ. ಆಸಿಡ್ಡು ಸೋರಿದಲ್ಲಿಗೆ ಓಡುವ ನಮ್ಮ ತಂಡಕ್ಕೆ ಹೊಸಬರು ಬಂದಾಗ ಈ ಪಾಠ ಹೇಳುವವನು ಇವನೇ, ಮಹಾ ಪಂಡಿತ. ಮರಗಟ್ಟಿಸುವ ಇಂಜೆಕ್ಷನ್ ಯಾಕೆ ಕೊಡಲ್ಲ ಹೇಳಿ ನೋಡೋಣ, ಎಂದು ಅವರನ್ನು ಕೆಣಕಿ, ತಾನೇ ಉತ್ತರ ಕೊಡುತ್ತಾನೆ — ನೋವು ಇಳಿದರೆ ಔಷಧಿ ಆಸಿಡ್ಡನ್ನು ಮುಟ್ಟಿದೆ ಎಂದರ್ಥ, ಇಳಿಯದಿದ್ದರೆ ಇಲ್ಲ, ನೋವನ್ನೇ ಮಲಗಿಸಿಬಿಟ್ಟರೆ ತಿಳಿಯುವುದು ಹೇಗೆ.

ಹೆಬ್ಬೆರಳಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ, ಅಷ್ಟೇ, ಯಾರಾದರೂ ನೋಡಿದರೆ ನಗುತ್ತಾರೆ, ಇಷ್ಟಕ್ಕೆ ಆಸ್ಪತ್ರೆಗೆ ಬಂದಿರಾ ಎಂದು. ಬೆರಳು ಉಳಿಯುತ್ತಾ ಡಾಕ್ಟ್ರೇ ಎಂದು ಹೊರಗೆ ನಿಂತು ಕೇಳಿದೆ, ನೋವು ಬರಲಿ, ಆಗ ಗೊತ್ತಾಗುತ್ತೆ ಅಂದರು. ಬಲಗೈ. ಇವನ ಹೆಂಡತಿಯದು ಬೆಳಗಿನ ಪಾಳಿ, ಮಗಳಿಗೆ ಜಡೆ ಹಾಕುವವನು ಇವನೇ, ಆ ಹೆಬ್ಬೆರಳಿನಲ್ಲೇ ಬೈತಲೆ ತೆಗೆಯುತ್ತಾನೆ, ಬಾಚಣಿಗೆ ಬೇಡ ಅನ್ನುತ್ತಾನೆ, ಅಪ್ಪಾ ಸೊಟ್ಟ ಆಯ್ತು ಎಂದು ಅವಳು, ನಿನ್ನ ತಲೆಯೇ ಸೊಟ್ಟ ಎಂದು ಇವನು. ಎಲ್ಲ ಸರಿಯಾಗಿ ಮಾಡಿದ್ದೆವಲ್ಲ. ಗಾಜಿನ ಮೇಲೆ ಚಿತ್ತಾರ ಕೊರೆಯುವ ಕಾರ್ಖಾನೆ, ಡ್ರಮ್ಮು ಉರುಳಿ ಒಡೆದಿತ್ತು, ಅಲ್ಲಿಯವರು ಮರಳು ಸುರಿಯಲು ಹೊರಟಿದ್ದರು, ಮರಳನ್ನೂ ತಿನ್ನುತ್ತದೆ ಅದು, ದೂರ ಸರೀರಿ ಎಂದು ತಮ್ಮ ಗದರಿದ, ನಾವಿಬ್ಬರೇ ಒಳಗೆ ಹೋಗಿ ಸುಣ್ಣದ ಪುಡಿ ಹಾಕಿ, ಒಡೆದ ಡ್ರಮ್ಮನ್ನು ದೊಡ್ಡ ಡ್ರಮ್ಮಿನೊಳಗೆ ಕೂರಿಸಿ ಮುಚ್ಚಳ ಬಿಗಿದು ಬಂದೆವು. ಹೊರಗೆ ತೊಳೆಯುವ ತೊಟ್ಟಿ, ಅದರಾಚೆ ನೆಲಕ್ಕೆ ಅಂಟಿಸಿದ ಹಳದಿ ಪಟ್ಟಿ. ಪಟ್ಟಿಯ ಈಚೆಗೆ ಕೊಳೆ, ಆಚೆಗೆ ಶುದ್ಧ, ಆಚೆ ಹೋದವರು ಈಚೆಗೆ ಕೈ ಚಾಚಬಾರದು, ಅಷ್ಟೇ ನಿಯಮ, ಮಗುವಿಗೂ ಅರ್ಥವಾಗುವಂಥದ್ದು. ಇವನನ್ನು ಮೊದಲು ತೊಳೆದರು, ಮೈಮುಚ್ಚುವ ರಕ್ಷಣೆಯ ಸೂಟು ಬಿಚ್ಚಿದ, ಗ್ಲೌಸ್ ಬಿಚ್ಚಿದ, ಆಚೆ ನಿಂತು ನೀರು ಕುಡಿಯುತ್ತಿದ್ದ. ನಾನು ಈಚೆ ಸ್ಟೂಲಿನ ಮೇಲೆ ಕೂತಿದ್ದೇನೆ, ಬೂಟು ಕಳಚಿ ಬರುತ್ತಿಲ್ಲ, ಬೆವರಿಗೆ ಕಾಲು ಊದಿದೆ, ತೊಳೆಯುವವನು ಪೈಪು ಮಡಿಚಿಕೊಂಡಿದೆ ಎಂದು ಅತ್ತ ಹೋದ. ತಮ್ಮ ಸಣ್ಣವನಿದ್ದಾಗ ಶಾಲೆಯಿಂದ ಬಂದವನೇ ಕುರ್ಚಿಯಲ್ಲಿ ಕಾಲು ಚಾಚಿ ಕೂರುತ್ತಿದ್ದ, ಕಾಲು ಕೊಡೋ ಮಹಾರಾಜ ಎಂದು ನಾನೇ ಶೂ ಎಳೆಯುತ್ತಿದ್ದೆ. ಇವನು ಲೋಟ ಕೆಳಗಿಟ್ಟ, ಪಟ್ಟಿಯ ಮೇಲೆ ಬಾಗಿದ, ನಕ್ಕ. ಕಾಲು ಕೊಡು, ಮಹಾರಾಣಿ. ನಾನು ಕೊಟ್ಟೆ. ಬೂಟಿನ ಹಿಮ್ಮಡಿ, ಅಟ್ಟೆಯ ಸೀಳಿನಲ್ಲಿ ಬ್ರಷ್ಷು ಇನ್ನೂ ಮುಟ್ಟದ ಒದ್ದೆ, ಅದರ ಮೇಲೆ ಅವನ ಬರಿಯ ಹೆಬ್ಬೆರಳು — ಇಬ್ಬರೂ ನೋಡುತ್ತಿದ್ದೆವು, ಇಬ್ಬರಿಗೂ ಹೊಳೆಯಲಿಲ್ಲ, ಬೂಟು ಕಳಚಿ ಬಂದಮೇಲೆ ಹೊಳೆಯಿತು.

ಟಕ್. ಫ್ಯಾನು. ಅವನು ಮಾತು ನಿಲ್ಲಿಸಿದ್ದಾನೆ, ಯಾವಾಗ ನಿಲ್ಲಿಸಿದ, ತುಟಿ ಕಚ್ಚಿದ್ದಾನೆ, ಶುರುವಾಯ್ತು ಅಕ್ಕ, ಎನ್ನುತ್ತಾನೆ, ಬಸ್ಸು ಬಂತು ಎನ್ನುವ ದನಿಯಲ್ಲಿ. ಡಾಕ್ಟರಮ್ಮ ಬಂದರು, ಚುಕ್ಕೆಯ ಸುತ್ತ ಅದೇ ಔಷಧಿಯ ಸಣ್ಣ ಸೂಜಿ ಚುಚ್ಚಿದರು, ನೋವು ಇಳೀತಾ, ಇಲ್ಲ, ಮತ್ತೆ ಚುಚ್ಚಿದರು, ಈಗ, ಇಲ್ಲ ಡಾಕ್ಟ್ರೇ. ಅವರು ನನ್ನ ಮುಖ ನೋಡಲಿಲ್ಲ, ಸರ್ಜನ್‌ಗೆ ಫೋನ್ ಮಾಡಿ ಎಂದು ನರ್ಸಿಗೆ ಮೆಲ್ಲಗೆ ಹೇಳಿದರು. ಯಾಕೆಂದು ಇವನು ಕೇಳಲಿಲ್ಲ, ಪಾಠ ಹೇಳುವವನಲ್ಲವೇ. ಬೆವರಿದ್ದಾನೆ, ಮಂಚದ ಕಂಬಿ ಹಿಡಿದಿದ್ದಾನೆ, ಬಗ್ಗಿ ಕೆಳಗೆ ನೋಡುತ್ತಾನೆ. ನಿನ್ನ ಕಾಲಿಗೇನೂ ಆಗಿಲ್ಲ ತಾನೇ ಅಕ್ಕ? ಇಲ್ಲ, ಎನ್ನುತ್ತೇನೆ, ಆಗಿಲ್ಲ, ಏನೂ ಆಗಿಲ್ಲ, ತಿಕ್ಕುತ್ತೇನೆ, ಜೆಲ್, ಬಿಳಿ ಚುಕ್ಕೆ, ಸೊಟ್ಟ ಬೈತಲೆ, ಟಕ್, ಹಳದಿ ಪಟ್ಟಿ, ಅದರ ಮೇಲೆ ಬಾಗಿದವನು ನಗುತ್ತಿದ್ದಾನೆ, ಕೊಡಬೇಡ, ಕಾಲು ಹಿಂದಕ್ಕೆ ತಗೋ, ಕೊಡುತ್ತಿದ್ದೇನೆ, ನನ್ನ ಬೂಟಿನ ಹಿಮ್ಮಡಿ, ಅವನ ಬರಿಯ ಹೆಬ್ಬೆರಳು, ಹಿಮ್ಮಡಿ, ಬರಿಯ ಹೆಬ್ಬೆರಳು