ಕಚ್ಚಾ ಹೊಲಿಗೆಯ ತೋಳು

ಸೊಸೆಗೆ ಜೀವಶಾಸ್ತ್ರ ನೀರು ಕುಡಿದಷ್ಟು ಸುಲಭ. ರಸಾಯನಶಾಸ್ತ್ರ ಮಾತ್ರ ಕಬ್ಬಿಣದ ಕಡಲೆ. ಜೀವಕೋಶ ಅರ್ಥವಾಗಬೇಕಾದರೆ ಮೊದಲು ಪರಮಾಣು ಅರ್ಥವಾಗಬೇಕು ಎಂದು ಆ ದಪ್ಪ ಪುಸ್ತಕ ಪಟ್ಟು ಹಿಡಿದು ಕೂತಿತ್ತು. ಹೋದ ವರ್ಷ ಅದರಲ್ಲೇ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೊಡೆದರೆ ರಕ್ತಪರೀಕ್ಷೆಯ ತರಬೇತಿಗೆ ಸೀಟು ಸಿಗುವ ಆಸೆ ಬಿಟ್ಟಂತೆಯೇ.

ಅತ್ತೆ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಸೊಸೆಯ ಪುಸ್ತಕ, ಇನ್ನೊಂದು ತುದಿಯಲ್ಲಿ ಅತ್ತೆಯ ಕತ್ತರಿ. ಅತ್ತೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಪಾಠ ಕೇಳುವಳು. ಕೇಳಿದ ಮೇಲೆ ಸುಮ್ಮನಿರುವ ಜಾಯಮಾನ ಅವಳದಲ್ಲ.

"ಎರಡು ಪರಮಾಣು ಎಲೆಕ್ಟ್ರಾನ್ ಹಂಚ್ಕೊಳ್ತವೆ ಅತ್ತೆ. ಅದು ಇಬ್ಬರದೂ ಹೌದು. ಅದಕ್ಕೇ ಸುಲಭಕ್ಕೆ ಬಿಟ್ಟುಹೋಗಲ್ಲ."

"ಮಷೀನ್ ಹೊಲಿಗೆ ಅನ್ನು. ಮೇಲಿನ ದಾರ, ಕೆಳಗಿನ ದಾರ ಸೇರಿದ್ರೇನೇ ಗಟ್ಟಿ."

"ಹೈಡ್ರೋಜನ್ ಬಂಧ ಹಾಗಲ್ಲ. ಒಂದೊಂದೂ ದುರ್ಬಲ, ಸಾಲಾಗಿ ತುಂಬಾ ಇದ್ರೆ ಹಿಡ್ಕೊಳ್ತವೆ. ಡಿಎನ್ಎಯ ಎರಡು ಎಳೆಗಳನ್ನ ಜೋಡಿಸಿರೋದು ಅವೇ."

"ಅಯ್ಯೋ, ಕಚ್ಚಾ ಹೊಲಿಗೆ ಕಣೇ ಅದು! ಆದ್ರೆ ಜೀವದಂಥ ಜೀವಾನ ಕಚ್ಚಾ ಹೊಲಿಗೆಯಲ್ಲಿ ಯಾಕೆ ಬಿಟ್ರು?"

ಸೊಸೆ ಪುಸ್ತಕ ತಿರುವಿ ಹುಡುಕಿದಳು, ಆ ಪ್ರಶ್ನೆ ಅದರಲ್ಲೂ ಇರಲಿಲ್ಲ. ಇಬ್ಬರೂ ನಕ್ಕರು.

ನಗುವಿಗೇನು, ನಗಬಹುದು. ಆದರೆ ಅತ್ತೆಯ ಒಳಗೊಂದು ಅಳುಕಿತ್ತು. ಮಗ ತೀರಿಕೊಂಡು ಎರಡು ವರ್ಷ. ಅವನೇ ಇಲ್ಲದ ಮೇಲೆ ಈ ಹುಡುಗಿ ತನಗೆ ಯಾರು? ತರಬೇತಿ ಬೇರೆ ಊರಲ್ಲಿ, ಹಾಸ್ಟೆಲ್ ವಾಸ. ಬೆಂಕಿಗೆ ತುಪ್ಪ ಸುರಿಯಲು ಎದುರಿನ ಇಸ್ತ್ರಿ ಅಂಗಡಿಯವಳು ಬೇರೆ ಇದ್ದಳಲ್ಲ. "ನೀನೇ ರೆಕ್ಕೆ ಕಟ್ತಿದ್ದೀಯ. ಹಾರಿಹೋದ್ಮೇಲೆ ಅತ್ತೆಯೂ ಇಲ್ಲ, ಕತ್ತೆಯೂ ಇಲ್ಲ!" ಎಂದು ಕಿಸಕ್ಕನೆ ನಕ್ಕು ಹೋದಳು. ಇಂಥ ಬಾಯಿಗಳಿಗೆ ಹಾಕುವ ಗುಂಡಿಯನ್ನು ಇನ್ನೂ ಯಾರೂ ಮಾಡಿಲ್ಲ.

ಬರೆಯುವ ಪರೀಕ್ಷೆ ಹೇಗೋ ದಾಟಿದ್ದಳು, ಉಳಿದದ್ದು ರಸಾಯನಶಾಸ್ತ್ರದ ಪ್ರಯೋಗ ಪರೀಕ್ಷೆ. ಅದಕ್ಕೆ ಬಿಳಿ ಕೋಟು ಬೇಕಿತ್ತು. ಅಳತೆ ನೋಡಲು ಅತ್ತೆ ಕಚ್ಚಾ ಹೊಲಿಗೆಯಲ್ಲಿ ತೋಳು ಕೂಡಿಸಿದಳು. ಆಮೇಲೆ ಬಿಚ್ಚಲು ಎದ್ದು ಕಾಣಲೆಂದು ಯಾವಾಗಲೂ ಬಣ್ಣದ ದಾರ ಹಾಕುವವಳು, ಈ ಸಲ ಬಿಳಿ ದಾರವನ್ನೇ ಪೋಣಿಸಿದಳು. ಅಳತೆ ಸರಿಯಾಗಿತ್ತು. ಕೋಟನ್ನು ಮಷೀನಿಗಿಟ್ಟಳು, ಕಾಲು ಪೆಡಲಿನ ಮೇಲಿತ್ತು, ಆದರೆ ಒತ್ತಲಿಲ್ಲ. ಮರೆತಳೇ? ಜನ್ಮವಿಡೀ ಹೊಲಿದ ಕಾಲು ಮರೆಯುತ್ತದೆಯೇ! ಬೆಳಿಗ್ಗೆ ಹಾಗೆಯೇ ಇಸ್ತ್ರಿ ಹಾಕಿ ಸೊಸೆಗೆ ಕೊಟ್ಟುಬಿಟ್ಟಳು. ಸೊಸೆ ಬೀದಿಯ ತಿರುವು ದಾಟುವಾಗ ಕೂಗಬೇಕೆಂದುಕೊಂಡಳು, ಕೂಗದೆ ಒಳಗೆ ಬಂದು ಮಷೀನಿನ ಮುಂದೆ ಕೂತಳು.

ಆ ದಿನ ಹೊಲಿದದ್ದೆಲ್ಲ ಎಡವಟ್ಟು. ಯಾರದೋ ಲಂಗದ ಅಂಚನ್ನು ತಿರುವುಮುರುವು ಹೊಲಿದು, ಮತ್ತೆ ಬಿಚ್ಚುತ್ತಾ ಕೂತಳು. 'ಎಂಥ ಪಾಪಿ ನಾನು' ಎಂದು ತನಗೆ ತಾನೇ ಶಾಪ ಹಾಕಿಕೊಂಡಳು.

ಸಂಜೆ ಸೊಸೆ ಬಂದಳು. ಒಂದು ಕೈಯಲ್ಲಿ ಕೋಟು, ಇನ್ನೊಂದರಲ್ಲಿ ಅದರ ತೋಳು.

"ಅತ್ತೆ, ಇದು..."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೊಸೆ ಮಾತು ಮುಗಿಸುವ ಮೊದಲೇ ಅತ್ತೆ ಅತ್ತುಬಿಟ್ಟಳು. "ಬೇಕಂತಲೇ ಬಿಟ್ಟೆ ಕಣೇ. ನೀನು ಹೋಗಬಾರದು ಅನ್ನಿಸ್ತು. ನಿನ್ನ ಬಾಳಿಗೆ ನಾನೇ ಕತ್ತರಿ ಹಾಕಿದೆ."

"ಪೂರ್ತಿ ಕೇಳಿ ಮೊದಲು! ಕೈ ಎತ್ತಿದೆ, ತೋಳು ಜಾರ್ತು. ಎಲ್ರೂ ಗೊಳ್ಳಂತ ನಕ್ರು. ಪರೀಕ್ಷೆಗೆ ಬಂದಿದ್ದ ಮೇಡಂ ಕೇಳಿದ್ದೂ ಅದನ್ನೇ, ಡಿಎನ್ಎ ಎಳೆಗಳ ಮಧ್ಯೆ ದುರ್ಬಲ ಬಂಧ ಯಾಕೆ ಅಂತ. ನಾನು ತೋಳು ಹಿಡಿದು ತೋರಿಸ್ದೆ. ಬಿಚ್ಚಬೇಕಾಗುತ್ತೆ ಮೇಡಂ, ಅದಕ್ಕೇ. ಬಿಚ್ಚಿದ್ರೇನೇ ಒಂದೊಂದು ಎಳೆಗೂ ಹೊಸ ಜೋಡಿ ಹುಟ್ಟೋದು. ನೋಡಿ, ಬಟ್ಟೆ ಎಲ್ಲೂ ಹರಿದಿಲ್ಲ ಅಂದೆ. ಮೇಡಂ ಅಲ್ಲೇ ಹೇಳಿಬಿಟ್ರು ಅತ್ತೆ, ನಾನು ಪಾಸು!"

ಅತ್ತೆ ಕಣ್ಣೊರೆಸಿಕೊಂಡಳು. ಸಂತೋಷವೇನೋ ಆಯಿತು, ಎದೆಯೂ ಭಾರವಾಯಿತು.

"ಹಾಗಾದ್ರೆ ಹೋಗು. ಬಿಚ್ಚಬೇಕಾದ್ದನ್ನ ಬಿಚ್ಚಲೇಬೇಕು."

"ಹೋಗ್ತೀನಿ. ಆದ್ರೆ ಪಾಠ ಅರ್ಧ ಕೇಳಬೇಡಿ," ಎಂದು ಸೊಸೆ ಅವಳ ಪಕ್ಕ ನೆಲದ ಮೇಲೆ ಕೂತಳು. "ನಾವಿಬ್ರೂ ಒಬ್ಬರನ್ನೇ ಹಂಚ್ಕೊಂಡವರು ಅತ್ತೆ. ಅವರು ನಿಮಗೂ ಸೇರಿದವರು, ನನಗೂ ಸೇರಿದವರು. ಅದು ಕಚ್ಚಾ ಹೊಲಿಗೆ ಅಲ್ಲ."

ಅತ್ತೆ ಸೊಸೆಯ ತಲೆ ನೇವರಿಸಿದಳು. ಆಮೇಲೆ ಕೋಟನ್ನು ಎಳೆದುಕೊಂಡು, ಮಷೀನಿಗೆ ದಾರ ಪೋಣಿಸಿ, ಆ ತೋಳಿಗೆ ಎರಡೆರಡು ಸಲ ಹೊಲಿಗೆ ಹಾಕಿದಳು.