ಹಿಂದಿನ ಸವಾರನ ಸ್ಟೆಮ್

"ಇದೇ ಸಾಕು," ಎಂದ ಡ್ರೈವರ್, ಗಿಡ್ಡ ಸ್ಟೆಮ್ಮನ್ನು ಅಂಗೈಯಲ್ಲಿ ಆಡಿಸುತ್ತ. "ಉದ್ದದ್ದು ಯಾಕೆ? ನಾನೇನು ಹಿಂದೆ ಮೈ ಚಾಚಿ ಮಲಗಿಕೊಂಡು ಹೋಗ್ಬೇಕಾ?"

ಸೈಕಲ್ ಅಂಗಡಿ ಅವನ ತಂಗಿಯದು. ಅವಳು ಗ್ರೀಸು ಮೆತ್ತಿದ ಮೇಜಿನ ಮೇಲೆ ಎರಡು ಸ್ಟೆಮ್ ಇಟ್ಟಿದ್ದಳು, ಒಂದು ಮುಷ್ಟಿಯಷ್ಟು ಉದ್ದ, ಇನ್ನೊಂದು ಗೇಣುದ್ದ. ಸ್ಟೆಮ್ ಎಂದರೆ ಹ್ಯಾಂಡಲ್ಲನ್ನು ಸೈಕಲ್ಲಿಗೆ ಕಚ್ಚಿಸಿ ಹಿಡಿಯುವ ಲೋಹದ ತೋಳು. ಅಂಗಡಿಯ ನಡುವೆ ನಿಂತಿದ್ದದ್ದು ಜೋಡಿ ಸೈಕಲ್ಲು. ಎರಡು ಸೀಟು, ಎರಡು ಜೊತೆ ಪೆಡಲು, ಎರಡು ಹ್ಯಾಂಡಲ್ಲು. ಮುಂದೆ ಕೂತವರು ಓಡಿಸುತ್ತಾರೆ, ಬ್ರೇಕು ಹಿಡಿಯುತ್ತಾರೆ. ಹಿಂದಿನವರ ಹ್ಯಾಂಡಲ್ಲು ಯಾವ ಚಕ್ರವನ್ನೂ ತಿರುಗಿಸುವುದಿಲ್ಲ. ಮುಂದಿನ ಸೀಟು ನಿಂತಿರುವ ಕಂಬಕ್ಕೆ ಸ್ಟೆಮ್ಮಿನಿಂದ ಕಚ್ಚಿಕೊಂಡು, ಹಿಂದಕ್ಕೆ ಚಾಚಿ, ಕೈ ಊರಲೆಂದು ಇರುತ್ತದೆ ಅಷ್ಟೆ.

ಆ 'ಅಷ್ಟೆ' ಎನ್ನುವುದೇ ಡ್ರೈವರನಿಗೆ ನುಂಗಲಾರದ ತುತ್ತಾಗಿತ್ತು. ಜೀವಮಾನದ ಮುಕ್ಕಾಲು ಪಾಲು ಬಸ್ಸಿನ ಸ್ಟೇರಿಂಗು ಹಿಡಿದ ಮನುಷ್ಯ. ಕಣ್ಣಿನ ನರ ಸೊರಗುತ್ತ ಬಂದು ಲೈಸೆನ್ಸು ಒಪ್ಪಿಸಿದ ಮೇಲೆ ಮನೆಯಲ್ಲಿ ಕೂತ ಕಡೆಯೇ ಕೂತು, ಫ್ಯಾನಿನ ಮೇಲೂ ಜಗಳ ತೆಗೆಯುತ್ತಿದ್ದ. ಟೈಲರಿಂಗ್ ಮಾಡುವ ಹೆಂಡತಿ ರೋಸಿಹೋಗಿ, ಯಾರೋ ಊರು ಬಿಟ್ಟು ಹೋಗುವವರ ಬಳಿಯಿದ್ದ ಈ ಸೈಕಲ್ಲನ್ನು ನಾದಿನಿಯ ಮೂಲಕ ತರಿಸಿದ್ದಳು. ಅದರ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದದ್ದು ಆ ಮನೆಯ ಹುಡುಗಿ, ರೇಸಿನವರಂತೆ ಮುಂದಕ್ಕೆ ಬಗ್ಗಿಕೊಂಡು. ಹಾಗಾಗಿ ಸ್ಟೆಮ್ ಗಿಡ್ಡ.

"ಅಣ್ಣಾ, ಎಷ್ಟು ಬಗ್ಗಬೇಕಾಗುತ್ತೆ ನೋಡ್ಕೋ," ಎಂದಳು ತಂಗಿ. "ಇದ್ರಲ್ಲಿ ಹ್ಯಾಂಡಲ್ಲು ಅತ್ತಿಗೆ ಸೀಟಿಗೇ ಅಂಟಿಕೊಂಡಿರುತ್ತೆ. ಅತ್ತಿಗೆ ಬೆನ್ನಿಗೆ ನಿನ್ನ ಮೂಗು ಉಜ್ಜುತ್ತೆ."

"ಉಜ್ಜಲಿ ಬಿಡು. ಕಟ್ಕೊಂಡವಳ ಬೆನ್ನು ತಾನೆ?"

"ನನಗೆ ಸೆಖೆ ಆಗುತ್ತೆ ರೀ," ಎಂದಳು ಟೈಲರ್.

ಅವಳ ನಿಜವಾದ ಕಷ್ಟ ಸೆಖೆಯಲ್ಲ. ಸೈಕಲ್ಲು ತಂದ ದಿನ ಬೀದಿಯಲ್ಲಿ ಎರಡು ಸುತ್ತು ಹೊಡೆದು ನೋಡಿದ್ದರು. ಹತ್ತಿರ ಕೂತಷ್ಟೂ ಅವನ ಗದ್ದ ಅವಳ ಭುಜಕ್ಕೆ ಬರುತ್ತಿತ್ತು, ಗದ್ದ ಬಂತೆಂದರೆ ಕಿವಿಗೆ ಆರ್ಡರು ಶುರುವಾಗುತ್ತಿತ್ತು. ಹಾರ್ನು ಹೊಡಿ. ಎಡಕ್ಕೆ ಇರು. ಈಗ ಬ್ರೇಕ್, ಈಗ, ಈಗ. "ನೆರಳು ಬೆಳಕು ಗೊತ್ತಾಗುತ್ತೆ ನನಗೆ, ರಸ್ತೆ ಅಂಚು ಕಾಣುತ್ತೆ," ಎಂಬುದು ಅವನ ವಾದ.

ತಂಗಿ ಸೋತು ಗಿಡ್ಡದ್ದನ್ನೇ ಬಿಗಿದಳು. "ಗುಡ್ಡ ಹತ್ತಿ ಇಳಿದು ಬನ್ನಿ, ಆಮೇಲೆ ಹೇಳಿ. ಒಂದು ಮಾತು ಅಣ್ಣಾ, ಇದನ್ನ ಹಿಡಿದು ತಿರುಚಬೇಡ. ಅತ್ತಿಗೆ ಸೀಟೇ ತಿರುಗಿಬಿಡುತ್ತೆ."

"ನನಗೇ ಹೇಳಿಕೊಡ್ತಾಳೆ," ಎಂದು ಡ್ರೈವರ್ ನಕ್ಕ.

ಹಿಂಬದಿಯ ಹಾದಿಯಲ್ಲಿ ಗುಡ್ಡ ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ಅವನ ಕಾಲಲ್ಲಿ ಇನ್ನೂ ಕಸುವಿತ್ತು. ಸೈಕಲ್ಲು ಎತ್ತಿನ ಹಾಗೆ ಎಳೆದುಕೊಂಡು ಹೋಯಿತು. ಆದರೆ ಅವನ ಬೆರಳ ಗೆಣ್ಣು ಅವಳ ತೊಡೆಗೆ ತಾಗುತ್ತಲೇ ಇತ್ತು. ಪ್ರತಿ ಸಲ ತಾಗಿದಾಗಲೂ ಅವಳು ಮುಂದಕ್ಕೆ ಸರಿಯುತ್ತಿದ್ದಳು, ಸರಿದು ಸರಿದು ಸೀಟಿನ ಮೂತಿಯ ಮೇಲೆ ಕೂತಿದ್ದಳು. ನೆತ್ತಿಯ ಮೇಲೆ ಬಂದು ನಿಂತಾಗ ಇಬ್ಬರಿಗೂ ಏದುಸಿರು. ಈಚೆ ಬದಿಯಲ್ಲಿ ಅವನು ಬಸ್ಸು ಓಡಿಸುತ್ತಿದ್ದ ರಸ್ತೆ ಬಿಸಿಲಿಗೆ ಫಳಫಳ ಹೊಳೆಯುತ್ತ ಇಳಿದುಹೋಗಿತ್ತು.

"ಈ ರಸ್ತೆಯ ಒಂದೊಂದು ಕಲ್ಲೂ ನನಗೆ ಗೊತ್ತು," ಎಂದ ಅವನು. "ಹೊರಡು."

ಜೋಡಿ ಸೈಕಲ್ಲು ಇಳಿಜಾರಿನಲ್ಲಿ ಒಂಟಿ ಸೈಕಲ್ಲಿನಂತಲ್ಲ. ಇಬ್ಬರ ಭಾರಕ್ಕೆ ನೋಡನೋಡುತ್ತಲೇ ಓಟ ಹಿಡಿಯಿತು. ಅವಳು ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಹಿಡಿತದಲ್ಲಿಟ್ಟುಕೊಂಡಳು. ಹಿಂದೆ ದೂರದಲ್ಲಿ ಲಾರಿಯೊಂದು ಗೇರು ಇಳಿಸಿದ ಸದ್ದು ಕೇಳಿತು.

"ಲಾರಿ ಬಂತು. ಅಂಚಿಗೆ ಹೋಗು."

"ಅಂಚಲ್ಲಿ ಜಲ್ಲಿ ಇದೆ."

"ಹೋಗು ಅಂದ್ನಲ್ಲ!"

"ರೀ, ಸ್ವಲ್ಪ ಸುಮ್ನಿರಿ!"

ಚಕ್ರದ ಸದ್ದು ಒಮ್ಮೆಲೆ ಟೊಳ್ಳಾಯಿತು. ಮೋರಿಯ ಮೇಲೆ ಹೋಗುತ್ತಿದ್ದರು. ಸದ್ದು ಮತ್ತೆ ಗಟ್ಟಿಯಾದ ಕೂಡಲೇ ಅವನು ಕಿವಿಯ ಬಳಿ ಕೂಗಿದ, "ಎಡಕ್ಕೆ! ತಿರುಗಿಸು!"

ಅವಳ ಮುಂದೆ ರಸ್ತೆ ಗೆರೆ ಎಳೆದಂತೆ ನೇರವಾಗಿತ್ತು. ಅವಳು ತಿರುಗಿಸಲಿಲ್ಲ.

"ತಿರುಗಿಸೇ! ಬಿದ್ದು ಸಾಯ್ತೀವಿ!"

ಹಾಗೆಂದವನು ತಾನೇ ತಿರುಗಿಸಿದ. ಎರಡೂ ತೋಳುಗಳ ಬಲವನ್ನೆಲ್ಲ ಹಾಕಿ ಹ್ಯಾಂಡಲ್ಲನ್ನು ಎಡಕ್ಕೆ ತಿರುಚಿ, ಇಡೀ ಮೈಯನ್ನು ಆ ಕಡೆಗೆ ವಾಲಿಸಿದ. ಅವಳ ಕೆಳಗಿನ ಸೀಟು ಕಟಕ್ಕೆಂದು ತಿರುಗಿ ತೊಡೆಗೆ ಒತ್ತಿಕೊಂಡಿತು. ಸೈಕಲ್ಲು ಎಡಕ್ಕೆ ನುಗ್ಗಿತು. ಅಲ್ಲಿ ಸಾಲಾಗಿ ಇಟ್ಟ ಕಲ್ಲುಗಳು, ಅವುಗಳಾಚೆ ಅಗೆದು ಹಾಕಿದ ಹಳೆಯ ರಸ್ತೆ, ಆಮೇಲೆ ಬರೀ ಆಕಾಶ. ಅವಳು ಹಲ್ಲು ಕಚ್ಚಿ ಎರಡೂ ಬ್ರೇಕನ್ನು ಹಿಡಿದಳು. ಹಿಂದಿನ ಚಕ್ರ ಕಿರುಚುತ್ತ ಜಾರಿತು. ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಜಲ್ಲಿ ರಾಶಿಗೆ ಸೈಕಲ್ಲು ಹೂತುಕೊಂಡು, ಇಬ್ಬರನ್ನೂ ಪಕ್ಕಕ್ಕೆ ಚೆಲ್ಲಿತು. ಲಾರಿ ಉದ್ದಕ್ಕೂ ಹಾರ್ನು ಹೊಡೆಯುತ್ತ ನೇರವಾಗಿ ಹಾದುಹೋಯಿತು.

ಅವಳು ಮೊದಲು ಎದ್ದಳು. ಮೊಣಕೈಯ ಚರ್ಮ ಸುಲಿದಿತ್ತು. ಅವನು ಜಲ್ಲಿಯ ಮೇಲೆ ಕೂತು ಅಂಗೈ ಕೊಡವಿಕೊಳ್ಳುತ್ತಿದ್ದ. ಅಂತೂ ಕೈಕಾಲು ಮುರಿದಿರಲಿಲ್ಲ. ಅವಳು ಕಲ್ಲಿನ ಸಾಲಿನವರೆಗೆ ನಡೆದು ಕೆಳಗೆ ಬಗ್ಗಿ ನೋಡಿ, ತಕ್ಷಣ ಹಿಂದೆ ಸರಿದಳು.

"ಹುಚ್ಚು ಹಿಡಿದಿದೆಯಾ ನಿನಗೆ?" ಅವನು ಕೂಗುತ್ತಿದ್ದ. "ಮೋರಿ ಆದ್ಮೇಲೆ ಎಡಕ್ಕೆ ತಿರುವು. ಮಕ್ಕಳಿಗೂ ಗೊತ್ತು. ನೇರ ಹೋಗ್ತಿದ್ದೀಯಲ್ಲ, ಕಣ್ಣು ಎಲ್ಲಿಟ್ಟಿದ್ದೆ?"

ಅವಳು ಅವನನ್ನೇ ನೋಡುತ್ತಿದ್ದಳು. ಅವನ ಮುಖ ಅವಳ ಕಡೆಗಿರಲಿಲ್ಲ. ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಅವಳು ಇಷ್ಟು ಹತ್ತಿರ ನಿಂತಿರುವಾಗ, ಅವನು ಬೈಯುತ್ತಿದ್ದದ್ದು ಬಿದ್ದಿದ್ದ ಸೈಕಲ್ಲನ್ನು.

"ತಿರುವು ತೆಗೆದುಹಾಕಿದ್ದಾರೆ ರೀ," ಎಂದಳು ಮೆಲ್ಲಗೆ. ಅವನ ಕತ್ತು ಥಟ್ಟನೆ ಅವಳ ಧ್ವನಿಯ ಕಡೆಗೆ ಹೊರಳಿತು. "ರಸ್ತೆ ನೇರ ಮಾಡಿದ್ದಾರೆ. ಅಂಚಿಗೆ ಬಿಳೀ ಬಣ್ಣ ಬಳಿದಿದ್ದಾರೆ. ಗೆರೆ ಗೇಣಗಲ ಇದೆ."

ಅವಳು ಅವನೆದುರು ಕುಕ್ಕುರುಗಾಲಲ್ಲಿ ಕೂತು ಕೇಳಿದಳು.

"ಯಾವಾಗಿಂದ?"

"ಏನು ಯಾವಾಗಿಂದ?"

"ಯಾವಾಗಿಂದ ಏನೂ ಕಾಣ್ತಿಲ್ಲ ನಿಮಗೆ?"

ಅವನು ಒಂದು ಜಲ್ಲಿಕಲ್ಲನ್ನು ಎತ್ತಿಕೊಂಡು ಬೆರಳಲ್ಲಿ ಸವರಿದ, ಕೆಳಗಿಟ್ಟ. "ಚಳಿಗಾಲ ಮುಗಿಯೋ ಹೊತ್ತಿಗೆ ಪೂರ್ತಿ ಹೋಯ್ತು."

"ಹೇಳೋದಲ್ವಾ? ನಾನೇನು ಬೀದೀಲಿ ಹೋಗೋಳಾ?"

"ಹೇಳಿದ್ರೆ ಆಮೇಲೆ ನೀನು ನನ್ನನ್ನ ಏನೂ ಕೇಳ್ತಿರಲಿಲ್ಲ ಕಣೇ. ಈಗ ಲೈಟು ಹಾಕ್ಲಾ ಅಂತೀಯ. ಈ ಬಣ್ಣ ಹೊಂದುತ್ತಾ ಅಂತೀಯ. ಅದೂ ನಿಂತುಹೋಗಿಬಿಟ್ಟಿದ್ರೆ?"

"ಆ ಹಳದಿ ಬಟ್ಟೆಗೆ ನೀಲಿ ದಾರ ಭರ್ಜರಿಯಾಗಿದೆ ಅಂದ್ರಲ್ಲ!"

"ಚೆನ್ನಾಗಿರಲಿಲ್ವಾ?"

ಬೇರೆ ಹೊತ್ತಾಗಿದ್ದರೆ ನಗುತ್ತಿದ್ದಳು. ಈಗ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ತಿಂಗಳು ಕಣ್ಣೆದುರಿಗೇ ಗೋಡೆ ಸವರಿಕೊಂಡು ಓಡಾಡುವವನನ್ನು ಕಂಡೂ ಕಾಣದೆ ಇದ್ದೆನಲ್ಲ ಎಂಬ ಸಂಕಟ ಬೇರೆ. ಅವನ ಮೇಲಿನ ಸಿಟ್ಟು ಯಾವುದು, ತನ್ನ ಮೇಲಿನದು ಯಾವುದು ಎಂದು ಬಿಡಿಸಲಾಗಲಿಲ್ಲ.

"ಇವತ್ತು ಇಬ್ಬರೂ ಸಾಯ್ತಿದ್ವಿ," ಎಂದಳು.

"ಗೊತ್ತು."

"ಗೊತ್ತಿಲ್ಲ ನಿಮಗೆ. ಆ ಕಲ್ಲಿನಾಚೆ ಏನಿದೆ ಅಂತ ನೀವು ನೋಡ್ಲಿಲ್ಲ. ನಾನು ನೋಡಿದೆ."

ಅವನು ತಲೆ ತಗ್ಗಿಸಿದ. "ನಡೆದೇ ಇಳಿಯೋಣ," ಎಂದ. ಆ ದನಿಯಲ್ಲಿ ಡ್ರೈವರ್ ಇರಲಿಲ್ಲ.

ಅವಳಿಗೆ ಬೇಕಾಗಿದ್ದದ್ದೂ ಅದೇ. ಆದರೆ ನಡೆದು ಇಳಿದರೆ ಈ ಸೈಕಲ್ಲು ಅಂಗಡಿಯ ಮೂಲೆ ಸೇರುತ್ತದೆ, ಇವನು ಮನೆಯ ಮೂಲೆ ಸೇರುತ್ತಾನೆ ಎನ್ನುವುದು ಅಂಗೈ ನೋಡಿದಷ್ಟು ಸ್ಪಷ್ಟವಾಗಿತ್ತು.

"ಇಲ್ಲ," ಎಂದಳು. "ಏಳಿ. ಸೀಟು ಸರಿ ಮಾಡಿಕೊಡಿ."

ಚೀಲದಲ್ಲಿದ್ದ ಸ್ಪ್ಯಾನರನ್ನು ಅವನ ಕೈಗಿಟ್ಟಳು. ಅವನು ಬೋಲ್ಟು ಹುಡುಕಿ ಸಡಿಲಿಸಿದ, ಅವಳು ಸೀಟನ್ನು ನೇರಕ್ಕೆ ತಂದು "ಹೂಂ" ಎಂದಳು, ಅವನು ಬಿಗಿದ. ಅವನು ಬಿಗಿದದ್ದನ್ನು ಅವಳು ಇನ್ನೊಮ್ಮೆ ಎಳೆದು ನೋಡಿದಳು. ಅವನಿಗದು ತಿಳಿಯಿತು, ಸ್ಪ್ಯಾನರನ್ನು ಅವಳಿಗೇ ವಾಪಸ್ಸು ಕೊಟ್ಟ.

"ಏನು ಬರುತ್ತೆ ಅಂತ ನಾನು ಹೇಳ್ತಾ ಹೋಗ್ತೀನಿ. ನಾನು ವಾಲಿದ ಕಡೆ ವಾಲಿ. ತಿರುಚಿದ್ರೆ ನಿಮ್ಮನ್ನ ಇಲ್ಲೇ ಇಳಿಸಿ ಹೋಗ್ತೀನಿ."

"ಹೋಗು ಬೇಕಾದ್ರೆ," ಎಂದು ಗೊಣಗುತ್ತಲೇ ಹತ್ತಿದ.

ಉಳಿದ ಇಳಿಜಾರು ಮುಗಿಯುವುದೇ ಇಲ್ಲವೇನೋ ಎನ್ನಿಸಿತು. ಅವನ ಕೈಯ ಬಿಗಿ ಹಿಡಿತ ಗಿಡ್ಡ ಸ್ಟೆಮ್ಮಿನಲ್ಲಿ ಹಾದು ಅವಳ ಸೀಟಿಗೇ ಬರುತ್ತಿತ್ತು. "ಗುಂಡಿ. ಬಲಕ್ಕೆ ಹೋಗ್ತಿದೀನಿ... ಆಯ್ತು. ಈಗ ನೇರ. ಎದುರಿಗೆ ಕಾರು... ಹೋಯ್ತು. ಈಗ ಎಡ ತಿರುವು, ದೊಡ್ಡದು." ತಿರುವಿನಲ್ಲಿ ಅವಳು ವಾಲಿದಳು. ಒಂದು ಗಳಿಗೆ ಹಿಂದಿನ ಭಾರ ಕಂಬದಂತೆ ಸೆಟೆದು ನಿಂತಿತು. "ಬನ್ನಿ," ಎಂದಳು, ಕೂಗಲಿಲ್ಲ. ಆ ಭಾರ ನಿಧಾನವಾಗಿ ಅವಳ ಜೊತೆ ಬಂತು.

ಅಂಗಡಿ ಮುಟ್ಟಿದಾಗ ತಂಗಿ ಜಲ್ಲಿಯ ಧೂಳು ನೋಡಿ, ಮೊಣಕೈ ನೋಡಿ, ಬಾಯಿ ತೆರೆದಳು. ಅವಳು ಕೇಳುವ ಮೊದಲೇ ಅಣ್ಣ ಹೇಳಿದ, "ನಾನೇ ಬೀಳಿಸಿದ್ದು. ನನಗೆ ಏನೂ ಕಾಣಲ್ಲ ಕಣೇ, ಸ್ವಲ್ಪಾನೂ. ನಿನ್ನ ಅತ್ತಿಗೆಗೂ ಈಗ್ಲೇ ಗೊತ್ತಾಗಿದ್ದು. ಉದ್ದದ್ದು ಹಾಕು."

ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡು ಕೆಲಸಕ್ಕೆ ಕೂತಳು. ಗಿಡ್ಡದ್ದು ಬಿಚ್ಚಿ ಗೇಣುದ್ದದ್ದನ್ನು ಕೂರಿಸಿ, ಅಣ್ಣನನ್ನು ಹತ್ತಿಸಿ, ಅವನ ತೋಳು ಎಷ್ಟು ಚಾಚುತ್ತದೆ ಎಂದು ನೋಡಿ ಹ್ಯಾಂಡಲ್ಲನ್ನು ಸ್ವಲ್ಪ ಮೇಲೆತ್ತಿದಳು. ಅವನ ಎದೆ ತೆರೆಯಿತು, ಭುಜ ಇಳಿಯಿತು. ಮುಂದೆ ಕೂತ ಟೈಲರಿಗೆ ಕುತ್ತಿಗೆಯ ಮೇಲೆ ಗಾಳಿಯಾಡಿತು. ಅವಳು ಸೀಟಿನ ಮೂತಿಯಿಂದ ಹಿಂದಕ್ಕೆ ಸರಿದು, ಅಂದು ಮೊದಲ ಸಲ ಪೂರ್ತಿ ಕೂತಳು.

"ಹೇಗಿದೆ ಅಣ್ಣಾ?"

"ಕೈಗೆ ಆರಾಮ," ಎಂದ. ತಡೆದು ಸೇರಿಸಿದ, "ದೂರ ಆಯ್ತು. ಇವಳ ಮಾತು ಕೇಳುತ್ತೋ ಇಲ್ವೋ."

"ಕೇಳೋ ಹಾಗೆ ಹೇಳ್ತೀನಿ," ಎಂದಳು ಟೈಲರ್. ಅವಳ ದನಿ ಇನ್ನೂ ಮೆತ್ತಗಾಗಿರಲಿಲ್ಲ. ಮೆತ್ತಗಾಗಲು ಎಷ್ಟು ದಿನ ಬೇಕೋ ಅವಳಿಗೇ ತಿಳಿದಿರಲಿಲ್ಲ.

ಮನೆಯ ದಾರಿ ಹಿಡಿದರು. ಬೀದಿ ಕೊನೆಯಲ್ಲಿ ವಾಹನಗಳು ಒತ್ತೊತ್ತಾಗಿ ನಿಂತಿದ್ದವು. ಅವಳು ಕಾಲೂರಿ ನಿಂತಳು.

"ಯಾಕೆ ನಿಲ್ಲಿಸಿದೆ?" ಎಂದ ಅವನು. ಕೇಳಿದ್ದು ಆರ್ಡರಿನಂತಿರಲಿಲ್ಲ.

"ಮುಂದೆ ಬಸ್ಸು ನಿಂತಿದೆ. ಒಬ್ಬ ಮುದುಕಪ್ಪ ಇಳೀತಿದ್ದಾನೆ. ಅವನ ಬುಟ್ಟಿ ಬಾಗಿಲಿಗೆ ಸಿಕ್ಕಿಹಾಕ್ಕೊಂಡಿದೆ."

"ಡ್ರೈವರು ಏನ್ಮಾಡ್ತಿದ್ದಾನೆ?"

ಅವಳು ಕತ್ತು ಚಾಚಿ ನೋಡಿದಳು. "ಕಾಯ್ತಿದ್ದಾನೆ."

"ಒಳ್ಳೇ ಡ್ರೈವರು," ಎಂದು ಅವನು ಪೆಡಲಿನ ಮೇಲೆ ಕಾಲಿಟ್ಟುಕೊಂಡು ಸುಮ್ಮನೆ ಕೂತ.